ಗದ್ದುಗೆಯ ಬಲಗಡೆಯ ಹೂವು

ಬಾಗಿಲು ಬಡಿದ ಸದ್ದಾಯಿತು. ಒಂದೇ ಸಲ. ಆಮೇಲೆ ಹೊರಗೆ ಯಾರೋ ಉಸಿರು ಹಿಡಿದು ನಿಂತಂಥ ಮೌನ.

ರಾತ್ರಿಯ ಊಟ ಆಗತಾನೆ ಮುಗಿದಿತ್ತು. ಟಿವಿಯ ಮುಂದೆ ಅಪ್ಪ, ಅಮ್ಮ, ಅಜ್ಜಿ ಮೂವರೂ ಕುಳಿತಿದ್ದರು, ಯಾರೂ ಏಳಲಿಲ್ಲ. ಈಚೆಗೆ ಆ ಮನೆಯ ಬಾಗಿಲನ್ನು ಕತ್ತಲಾದ ಮೇಲೆ ಬಡಿಯುವವರೆಲ್ಲ ಲಾಸ್ಯಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಾಗಾಗಿ ಅವಳೇ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಚಿಲಕ ತೆಗೆದಳು.

ಹೊರಗೆ ಸಿದ್ದಲಿಂಗಸ್ವಾಮಿ ನಿಂತಿದ್ದರು. ಬೀದಿಯ ಕೊನೆಯಲ್ಲಿರುವ ಸಣ್ಣ ಮಠದಲ್ಲಿ, ಯಾವ ಕಾಲದಲ್ಲೋ ಲಿಂಗೈಕ್ಯರಾದ ಸ್ವಾಮಿಗಳೊಬ್ಬರ ಗದ್ದುಗೆಗೆ ನಿತ್ಯ ಪೂಜೆ ಮಾಡುವವರು. ಅವರು ಮೆಟ್ಟು ಕಳಚಿರಲಿಲ್ಲ.

"ಒಳಗೆ ಬನ್ನಿ ಅಯ್ನೋರೇ."

"ಬೇಡ ತಾಯಿ. ನೀನೇ ಸ್ವಲ್ಪ ಈಚೆ ಬಾ. ಟಿವಿ ಓಡ್ತಾ ಇರ್ಲಿ, ಒಳ್ಳೇದೇ ಆಯ್ತು."

ಅವಳು ಹೊಸ್ತಿಲು ದಾಟಿ ಬಾಗಿಲನ್ನು ಮುಂದಕ್ಕೆಳೆದುಕೊಂಡಳು. ಅವರು ದನಿ ತಗ್ಗಿಸಿದರು.

"ಸೋಮವಾರ ಬಿತ್ತಲ್ಲ ಹೂವು, ಅದು ಸುಳ್ಳು ಕಣಮ್ಮ."

"ನಮ್ಮ ಕಣ್ಣೆದುರಿಗೇ ಬಿತ್ತಲ್ಲ ಅಯ್ನೋರೇ."

"ಎಡಗಡೇದು ಬಿತ್ತು, ಸರಿ. ಬಲಗಡೇದು ಬೀಳೋ ಹಂಗೇ ಇರ್ಲಿಲ್ಲ. ಮೂರು ದಿನದ ಅಭಿಷೇಕ ಆದ್ರೂ ಅಲ್ಲಾಡ್ಲಿಲ್ಲ. ಒಣಗಿ ಕಪ್ಪಾಗಿ ಹಂಗೇ ಕಚ್ಕೊಂಡಿತ್ತು. ಇವತ್ತು ಉಗುರಲ್ಲಿ ಕಿತ್ತು ನೋಡ್ತೀನಿ, ಕೆಳಗೆ ಹಲಸಿನ ಮೇಣ."

ಲಾಸ್ಯ ಹಿಂದಿನ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದಳು.

"ಪೂಜೆ ಹೊತ್ನಲ್ಲಿ ಬಿಲ್ವ ಇಡೋಕೆ ಅಂತ ನಿಮ್ಮನೇರು ಐದು ಜನ ಮುಟ್ಟಿದ್ರಿ. ನಿಮ್ಮ ಮಾವ ನಂಜುಂಡಯ್ಯನೋರು ಆರನೇಯೋರು. ಆರರಲ್ಲಿ ಒಬ್ರು. ಯಾರು ಅಂತ ನಾನು ಕೇಳಲ್ಲ. ಭಾನುವಾರದೊಳಗೆ ಅವರೇ ಬಂದು ಒಪ್ಕೊಂಡ್ರೆ ನನ್ನ ಬಾಯಿ ಮುಚ್ಚಿರುತ್ತೆ. ಇಲ್ದಿದ್ರೆ ಎಲ್ರನ್ನೂ ಕೂರಿಸ್ಕೊಂಡು ನಾನೇ ಹೇಳ್ಬೇಕು, ಹೂವನ್ನ ಮತ್ತೆ ಕೇಳ್ಬೇಕು. ಗದ್ದುಗೆ ಹೆಸರಲ್ಲಿ ಸುಳ್ಳು ನಿಲ್ಲಕ್ಕಾಗಲ್ಲ ತಾಯಿ."

ಅವರು ಹೊರಟುಹೋದರು. ಬೀದಿದೀಪದ ಬೆಳಕಿನಲ್ಲಿ ಅವರ ನೆರಳು ಉದ್ದವಾಗಿ, ಗಿಡ್ಡವಾಗಿ, ಮತ್ತೆ ಉದ್ದವಾಗಿ ಮರೆಯಾಯಿತು.

"ಯಾರೇ ಅದು?" ಒಳಗಿನಿಂದ ಅಮ್ಮ ಪ್ರೇಮಮ್ಮ ಕೇಳಿದರು.

"ಯಾರೋ ಅಮ್ಮ. ಮನೆ ಹುಡುಕ್ತಿದ್ರು," ಎಂದಳು ಲಾಸ್ಯ. ಕಳೆದ ಮೂರು ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದ್ದಳು. ಅದು ಅಲ್ಲಿಗೆ ಮುಗಿಯಿತು.

*

ನಿದ್ದೆ ಕೆಟ್ಟದ್ದು ಕಳೆದ ವರ್ಷ ಸುಚಿತ್ರಾ ಅತ್ತೆ ತೀರಿಕೊಂಡಂದಿನಿಂದ.

ಸುಚಿತ್ರಾ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ. ಕುವೆಂಪುನಗರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾಗಿ, ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಸದ್ದಿಲ್ಲದೆ ಬದುಕಿ, ಸದ್ದಿಲ್ಲದೆಯೇ ಹೋದರು. ಅವರ ಬಳಿ ಇಪ್ಪತ್ತಾರು ಲಕ್ಷ ರೂಪಾಯಿ ಇದೆಯೆಂದು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದಷ್ಟನ್ನೂ ಅಣ್ಣನ ಮಗಳು ಲಾಸ್ಯಳ ಹೆಸರಿಗೆ ಮಾತ್ರ ಬರೆದಿಟ್ಟಿದ್ದಾರೆಂಬುದನ್ನು ಕೇಳಿ ಮನೆ ಮೊದಲು ಬೆರಗಾಯಿತು. ಆಮೇಲೆ ಸಲಹೆ ಕೊಡತೊಡಗಿತು.

ಇಪ್ಪತ್ಮೂರು ವರ್ಷದ ಲಾಸ್ಯ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ರೋಗಿಯ ಮೂಗಿನ ಮೇಲೆ ಭಾರವಾದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ದಿನವಿಡೀ ಕೇಳುವುದು ಅವಳ ಕೆಲಸ. ಹತ್ತು ಸಲ ಕೇಳಿಸಿಕೊಂಡ ಮೇಲೆ ಎಂಥವರೂ ದಣಿದು, "ಎರಡೂ ಒಂದೇ ಕಣಮ್ಮ, ಯಾವುದಾದ್ರೂ ಹಾಕು" ಎಂದುಬಿಡುತ್ತಾರೆ. ಈಗ ಆ ಚೌಕಟ್ಟು ಅವಳ ಮೂಗಿನ ಮೇಲೆಯೇ ಕೂತಿತ್ತು.

ಅಮ್ಮನಿಗೆ ಚಿನ್ನ ಬೇಕು: ಮಗಳ ಮದುವೆಗೂ ಆಯಿತು, ಕಷ್ಟಕ್ಕೂ ಆಯಿತು. ಅಣ್ಣ ಗುರುಕಿರಣನಿಗೆ ತಟ್ಟೆ ಇಡ್ಲಿ ಹೋಟೆಲಿನ ಫ್ರಾಂಚೈಸಿ ಬೇಕು. ಲಾಭದಲ್ಲಿ ಅರ್ಧ ತಂಗಿಗೆ. ಅಜ್ಜಿ ಬಸಮ್ಮನಿಗೆ, ಮಗಳ ಹೆಸರಿನಲ್ಲಿ ಮಠದ ದಾಸೋಹಕ್ಕೆ ದೊಡ್ಡದೊಂದು ದತ್ತಿ. ಇದು ಮನೆಯೊಳಗಿನ ಸಂತೆ. ಹೊರಗಿನಿಂದ ವಿಮೆಯವರು, ಚೀಟಿ ನಡೆಸುವವರು, ಮೊಬೈಲಿನಲ್ಲಿ ಷೇರಿನ ಏರಿಳಿತ ತೋರಿಸುವ ಕಾಲೇಜಿನ ಗೆಳೆಯರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಇವೆಲ್ಲಕ್ಕಿಂತ ಜೋರಾಗಿ ಎಳೆದದ್ದು ಸೈಟು. ಶ್ರೀರಾಂಪುರದಾಚೆ ಹೊಸದಾಗಿ ಕಲ್ಲು ನೆಟ್ಟ ಬಡಾವಣೆಯಲ್ಲಿ ಇಪ್ಪತ್ತು ಮೂವತ್ತರ ಸೈಟು. ಅದನ್ನು ತಂದವರು ನಂಜುಂಡಯ್ಯ ಮಾವ, ಅಂದರೆ ಅಪ್ಪನ ಅಕ್ಕನ ಗಂಡ. ಅದನ್ನು ಹಗಲೂ ರಾತ್ರಿ ಹಾಡಿ ಹೊಗಳಿದವರು ಅಪ್ಪ ಗುರುಮಲ್ಲಪ್ಪ. ಸಾಮಾನ್ಯವಾಗಿ ಊಟಕ್ಕೆ ಉಪ್ಪು ಕಡಿಮೆಯಾದರೂ ಬಾಯಿ ಬಿಡದ ಮನುಷ್ಯ, ಸೈಟಿನ ಮಾತು ಬಂದರೆ ಸಾಕು, "ಭೂಮಿ ಕಣಮ್ಮ, ಭೂಮಿ ಓಡೋಗಲ್ಲ" ಎಂದು ಶುರುಮಾಡುತ್ತಿದ್ದರು. ಭಾವನಿಗೆ ಮಾತನ್ನೂ ಕೊಟ್ಟುಬಿಟ್ಟಿದ್ದರು.

ಲಾಸ್ಯಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳ ಬಳಿ ಉತ್ತರವಿತ್ತು. ಹಣದ ಬಹುಪಾಲು ಬ್ಯಾಂಕಿನ ಠೇವಣಿಯಲ್ಲಿ ಸುಮ್ಮನೆ ಮಲಗಿರಬೇಕು. ಸ್ವಲ್ಪ ಸ್ವಲ್ಪವೇ ತಿಂಗಳಿಗಿಷ್ಟೆಂದು ಮ್ಯೂಚುವಲ್ ಫಂಡಿಗೆ ಹೋಗಬೇಕು. ಡಿಪ್ಲೊಮಾಕ್ಕೆ ನಿಂತಿದ್ದ ಓದನ್ನು ಅವಳು ಡಿಗ್ರಿಯವರೆಗೆ ಮುಂದುವರಿಸಬೇಕು. ಅಷ್ಟೇ. ಆದರೆ ಅದನ್ನು ಹೇಳಿದರೆ ನಾಲ್ಕು ಮುಖಗಳು ಒಟ್ಟಿಗೆ ಬಾಡುತ್ತವೆ. ಅದಕ್ಕೇ ಅವಳು ಎಲ್ಲರಿಗೂ "ನೋಡೋಣ" ಎನ್ನುತ್ತ ತಿಂಗಳುಗಳನ್ನು ದೂಡಿದ್ದಳು.

ಕೊನೆಗೆ ಅಜ್ಜಿಯೇ, "ನಾವ್ಯಾಕೆ ಕಿತ್ತಾಡ್ಬೇಕು? ಗದ್ದುಗೆ ಹತ್ರ ಹೂವು ಕೇಳಿಬಿಡೋಣ" ಎಂದರು. ಎಲ್ಲರೂ ಒಪ್ಪಿದರು. ದೇವರು ತಮ್ಮ ಪರವೇ ಇದ್ದಾನೆಂಬ ನಂಬಿಕೆ ಪ್ರತಿಯೊಬ್ಬರಿಗೂ ಇರುತ್ತದೆ. ಲಾಸ್ಯಳೂ ಒಪ್ಪಿದಳು, ನಂಬಿಕೆಯಿಂದಲ್ಲ, ಆಯಾಸದಿಂದ.

ಗದ್ದುಗೆಯ ಮೇಲಿನ ಲಿಂಗದ ಎರಡು ಪಕ್ಕಕ್ಕೂ ನೀರಿನಲ್ಲಿ ಅದ್ದಿದ ಒಂದೊಂದು ಬಿಳಿ ಕಣಗಿಲೆ ಹೂವನ್ನು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ. ಎಡಗಡೆಯದು ಬಿದ್ದರೆ ಬೇಡ. ಸೋಮವಾರ ಎಲ್ಲರ ಪರವಾಗಿ ಪ್ರಶ್ನೆ ಕೇಳಿದವರು ಅಪ್ಪ. ದನಿ ಮಠದ ಸೂರಿಗೆ ತಾಗುವಂತೆ ಕೇಳಿದರು: "ಮಗು ಆ ಸೈಟು ತಗೊಂಡ್ರೆ ಒಳ್ಳೇದಾಗೋ ಹಂಗಿದ್ರೆ ಬಲಗಡೆ ಕೊಡು ನನ್ನಪ್ಪಾ." ಬಹಳ ಹೊತ್ತು ಎರಡೂ ಹೂವುಗಳು ಅಲುಗಲಿಲ್ಲ. ಆಮೇಲೆ ಎಡಗಡೆಯದು ನಿಧಾನವಾಗಿ ಜಾರಿ ಬಿತ್ತು. ನಂಜುಂಡಯ್ಯ ಮಾವನ ಮುಖ ಕಪ್ಪಿಟ್ಟಿತು. ಗದ್ದುಗೆಯ ಮುಂದೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ಈಗ ಭಾನುವಾರ ಅದೇ ಹೂವನ್ನು ಮತ್ತೆ ಕೇಳುತ್ತಾರಂತೆ. ಬಲಗಡೆಯದು ಬಿದ್ದರೆ ಮಾರನೇ ದಿನವೇ ಸೈಟಿಗೆ ಹತ್ತು ಲಕ್ಷ ಮುಂಗಡ ಕೊಡಬೇಕು. ಎಡಗಡೆಯದು ಬಿದ್ದರೂ ಮೇಣದ ಕಥೆ ಬೀದಿಗೆ ಬೀಳುತ್ತದೆ. ಸೈಟು ತಪ್ಪಿದ್ದರಿಂದ ನಿರಾಳವಾಗಿ ಉಸಿರಾಡಿದವಳು ಲಾಸ್ಯ ಒಬ್ಬಳೇ ತಾನೆ? ಲಾಭ ಯಾರಿಗೋ ಬೆರಳು ಅವರ ಕಡೆಗೇ ತಿರುಗುತ್ತದೆ.

ತಾನು ಹಚ್ಚಿಲ್ಲವೆಂಬುದು ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು. ಹಾಗಾದರೆ ಉಳಿದವರಲ್ಲಿ ಯಾರು?

*

ಹಲಸಿನ ಹಣ್ಣನ್ನು ಬಿಡಿಸಿದ್ದು ಅಜ್ಜಿ, ಅದೇ ಸೋಮವಾರ ಬೆಳಿಗ್ಗೆ. ಕೈಗೆ, ಕತ್ತಿಗೆ ಎಣ್ಣೆ ಸವರಿಕೊಂಡು, ಸುರಿದ ಮೇಣವನ್ನೆಲ್ಲ ಕಡ್ಡಿಗೆ ಸುತ್ತಿ ಹಿತ್ತಲ ಗೋಡೆಯ ಮೇಲೆ ಇಟ್ಟಿದ್ದರು. ಹಿತ್ತಲಿಗೆ ಎಲ್ಲರೂ ಹೋಗುತ್ತಾರೆ. ಅಂದು ಮಾವನೂ ಹಲಸಿನ ತೊಳೆ ತಿಂದು ಅಲ್ಲೇ ಕೈತೊಳೆದಿದ್ದರು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒದ್ದೆಯಿರುವಾಗಲೇ ಬಿಸಿಲಿಗೆ ಬಂದು ಕುಳಿತಿದ್ದರು. ಲಾಸ್ಯ ಪಕ್ಕದಲ್ಲಿ ಕೂತು ಸಿದ್ದಲಿಂಗಸ್ವಾಮಿ ಹೇಳಿದ್ದನ್ನೆಲ್ಲ ಹೇಳಿದಳು. ಸುತ್ತಿ ಬಳಸುವ ಶಕ್ತಿ ಅವಳಲ್ಲಿರಲಿಲ್ಲ.

"ನೀವಾ ಅಜ್ಜಿ?"

ಬಸಮ್ಮ ಕೋಪಿಸಿಕೊಳ್ಳಲಿಲ್ಲ. ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

"ಇದನ್ನ ಕಟ್ಕೊಂಡು ಅಂಥ ಕೆಲಸ ಮಾಡ್ತೀನೇನವ್ವಾ? ನಂಗೆ ಹೂವು ಅಂದ್ರೆ ಭಯ."

"ಕೇಳೋಣ ಅಂದಿದ್ದೇ ನೀವಲ್ವಾ?"

"ಭಯ ಇರೋ ಕಡೇನೇ ತಾನೆ ಹೋಗಿ ಕೇಳೋದು?" ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಸುಚಿತ್ರನ್ಗೂ ಒಂದ್ಸಲ ಕೇಳಿದ್ವಿ. ಅವಳ ಜೊತೆ ಪಾಠ ಮಾಡ್ತಿದ್ದ ಒಬ್ಬ ಮೇಷ್ಟ್ರು, ಒಳ್ಳೇ ಹುಡುಗ, ಮನೆಗೆ ಬಂದು ಕೇಳ್ದ. ನಮ್ಮೋರಲ್ಲ. ನಿಮ್ಮ ತಾತ ಗದ್ದುಗೆ ಕೇಳ್ತೀನಿ ಅಂದ್ರು. ಎಡಗಡೆ ಬಿತ್ತು."

"ಅತ್ತೆ ಏನಂದ್ರು?"

"ಏನಂತಾಳೆ. ಆಗ್ಲಿ ಅಂದ್ಲು. ಮಾರನೇ ದಿನ ಎಂದಿನಂಗೆ ಟಿಫನ್ ಡಬ್ಬಿ ತಗೊಂಡು ಸ್ಕೂಲಿಗೆ ಹೋದ್ಲು. ಆಮೇಲೆ ಯಾವ ಗಂಡೂ ಬೇಡ ಅಂದ್ಲು."

ಅಜ್ಜಿಯ ಕಣ್ಣಲ್ಲಿ ನೀರಿರಲಿಲ್ಲ. ಅಷ್ಟು ಹಳೆಯ ದುಃಖಕ್ಕೆ ನೀರು ಇರುವುದಿಲ್ಲ. ಲಾಸ್ಯ ಎದ್ದು ಒಳಗೆ ಬಂದಳು. ಅಜ್ಜಿ ಅಲ್ಲ. ಅದು ಖಚಿತವಾಯಿತು, ಜೊತೆಗೆ ಇನ್ನೊಂದು ಭಾರ ಹೆಗಲೇರಿತು.

ಅಣ್ಣ ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಬಿಡಲು ಬಂದ. ದಾರಿಯಲ್ಲಿ ಕೇಳಿದರೆ ಅವನು ನಕ್ಕುಬಿಟ್ಟ.

"ನಾನು ಮೇಣ ಹಚ್ಚೋನಾಗಿದ್ರೆ, ದೇವರ ಕೈಲಿ ತಟ್ಟೆ ಇಡ್ಲಿ ಅಂತ್ಲೇ ಹೇಳಿಸ್ಬುಡ್ತಿದ್ದೆ ಕಣೇ."

"ತಮಾಷೆ ಬೇಡ ಕಿರಣ. ಸೈಟು ತಪ್ಪಿದ್ರೆ ನಿನಗೂ ದಾರಿ ಆಗುತ್ತಲ್ಲ?"

"ಏನು ದಾರಿ? ಸೈಟು ಬೇಡ ಅಂತ ಹೂವು ಬಿದ್ದ ತಕ್ಷಣ ನೀನು ನಂಗೆ ಚೆಕ್ ಬರೆದ್ಕೊಟ್ಬುಟ್ಯಾ? ಮಂಗಳವಾರ ಕೇಳ್ದೆ. ಏನಂದೆ?"

"ನೋಡೋಣ ಅಂದೆ."

"ನೋಡು ಮತ್ತೆ." ಸಿಗ್ನಲ್ಲಿನಲ್ಲಿ ನಿಂತಾಗ ಅವನು ಹಿಂದಕ್ಕೆ ತಿರುಗಿದ. ನಗು ಹೋಗಿತ್ತು. "ನಂಗೆ ಬೇಜಾರಿರೋದು ನಿಜ ಕಣೇ. ಅತ್ತೆಗೆ ಔಷಧಿ ತಂದ್ಕೊಡ್ತಿದ್ದವನು ನಾನೂವೆ. ಆದ್ರೆ ಗದ್ದುಗೆ ಮೇಲೆ ಕೈಯಾಡ್ಸೋ ಅಷ್ಟು ಗಂಡಸಲ್ಲ ನಾನು. ಆ ಮಠದ ಮೆಟ್ಟಿಲು ಹತ್ತಿದ್ರೆ ಈಗ್ಲೂ ಚಿಕ್ಕ ಹುಡುಗನಂಗೆ ಕಣ್ಮುಚ್ಕೊಂಡು ಕೈ ಮುಗೀತೀನಿ."

ಅದೂ ನಿಜವಿರಬೇಕು. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಹೆಲ್ಮೆಟಿನೊಳಗೆ ಕಿವಿ ಕಾಣಲಿಲ್ಲವೆಂಬುದೊಂದೇ ಅನುಮಾನ. ದಿನವಿಡೀ ಅವಳು ಗಾಜು ತೆಗೆದು ಗಾಜು ಹಾಕಿದಳು. ಇದಾ, ಅದಾ? ಇವನಾ, ಅವರಾ?

ಸಂಜೆ ಅಮ್ಮ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದರು. ಮಗಳ ಮಾತು ಕೇಳಿ ಅವರ ಕೈ ನಿಂತಿತು.

"ನಾನು ಬಿಲ್ವ ಇಟ್ಟು, ಕಣ್ಮುಚ್ಚಿ, ಬಲಗಡೇನೇ ಬೀಳಲಿ ಅಂತ ಬೇಡ್ಕೊಂಡೆ ಕಣೇ."

"ನೀನಾ? ಚಿನ್ನ ಚಿನ್ನ ಅಂತಿದ್ದವಳು?"

"ಚಿನ್ನ ಇವತ್ತಲ್ಲ ನಾಳೆ ಆಗುತ್ತೆ. ನಿಮ್ಮಪ್ಪನ ಮಾತು?" ಪ್ರೇಮಮ್ಮ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. "ಅವ್ರ ಕಾರ್ಖಾನೆ ಮುಚ್ಚಿದಾಗ ನೀನು ಎರಡನೇ ಕ್ಲಾಸು. ಒಂದು ವರ್ಷ ಅಕ್ಕಿ ಮೂಟೆ ತಂದು ಹಾಕಿದ್ದು, ನಿಮ್ಮಿಬ್ರ ಫೀಸು ಕಟ್ಟಿದ್ದು ನಂಜುಂಡಯ್ಯ ಭಾವ. ಒಂದಿನಾನೂ ಆಡ್ಕೊಂಡಿಲ್ಲ. ಅಂಥೋರು ಮೊದಲ್ನೇ ಸಲ ಬಾಯಿಬಿಟ್ಟು ಒಂದು ಕೇಳಿದಾರೆ. ಆಗಲ್ಲ ಅನ್ನೋಕೆ ನಿಮ್ಮಪ್ಪನ ಕೈಲಾಗುತ್ತಾ?"

"ದುಡ್ಡು ಅತ್ತೇದಲ್ವಾ ಅಮ್ಮ? ಅಪ್ಪಂದಲ್ವಲ್ಲ."

"ಋಣ ಯಾರದ್ದು ದುಡ್ಡು ಯಾರದ್ದು ಅಂತ ಈ ಮನೇಲಿ ಯಾರು ಬೇರೆ ಮಾಡಿದಾರೆ?" ಎಂದು ಅಮ್ಮ ಮತ್ತೆ ಕಾಯಿ ಬಿಡಿಸತೊಡಗಿದರು.

ಹಾಗಾದರೆ ಅಮ್ಮನೂ ಅಲ್ಲ. ಮಾವನಂತೂ ತಮ್ಮ ಸೈಟಿಗೆ ತಾವೇ ಅಡ್ಡಗಾಲು ಹಾಕಿಕೊಳ್ಳುವವರಲ್ಲ. ಅಪ್ಪನನ್ನು ಕೇಳುವ ಮಾತೇ ಇಲ್ಲ. ಅವರಿಗೆ ತಿಳಿದರೆ ಅವರೇ ಮುಂದೆ ನಿಂತು ಹೂವನ್ನು ಮತ್ತೆ ಕೇಳಿಸಿಯಾರು. ಲಾಸ್ಯ ರಾತ್ರಿಯೆಲ್ಲ ಆರು ಹೆಸರುಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಣಿಕೆ ಪ್ರತಿ ಸಲವೂ ಅವಳ ಬಳಿಗೇ ಬಂದು ನಿಲ್ಲುತ್ತಿತ್ತು.

*

ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನ ಎದುರು ನಂಜುಂಡಯ್ಯ ಮಾವ ಕಾರು ನಿಲ್ಲಿಸಿಕೊಂಡು ಕಾದಿದ್ದರು.

"ಹೂವು ಬಿತ್ತು, ಬಿಡು. ಕಣ್ಣಲ್ಲಿ ಒಂದ್ಸಲ ನೋಡಾದ್ರೂ ನೋಡು ಮಗಳೇ. ಕಣ್ಣಿನ ಡಾಕ್ಟ್ರ ಹತ್ರ ಕೆಲಸ ಮಾಡ್ತೀಯ, ನೋಡ್ದೇನೇ ಬೇಡ ಅಂತೀಯಲ್ಲ."

ಅವಳು ಹತ್ತಿ ಕುಳಿತಳು. ಇಲ್ಲ ಎನ್ನುವುದಕ್ಕಿಂತ ಹತ್ತಿ ಕೂರುವುದು ಸುಲಭವಾಗಿತ್ತು.

ಶ್ರೀರಾಂಪುರದ ಮನೆಗಳು ಮುಗಿದು, ಡಾಂಬರು ಮುಗಿದು, ಕೆಂಪು ಮಣ್ಣಿನ ರಸ್ತೆ ಶುರುವಾಯಿತು. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಎಮ್ಮೆಗಳು ಮೇಯುತ್ತಿದ್ದವು. ಮಾವ ಬೆರಳು ತೋರಿಸುತ್ತ ಹೋದರು: ಇಲ್ಲಿ ಪಾರ್ಕು, ಅಲ್ಲಿ ನೀರಿನ ಟ್ಯಾಂಕು, ಇನ್ನೆರಡು ವರ್ಷದಲ್ಲಿ ಬೆಲೆ ದುಪ್ಪಟ್ಟು. ಅವರ ದನಿಯಲ್ಲಿ ಉತ್ಸಾಹಕ್ಕಿಂತ ಅವಸರ ಹೆಚ್ಚಿತ್ತು. ಅವರ ಅಂಗಿಯ ಕಾಲರು ಸವೆದಿರುವುದನ್ನು ಲಾಸ್ಯ ಮೊದಲ ಸಲ ಕಂಡಳು.

"ನಾನೂ ಇಲ್ಲಿ ಎರಡು ಹಿಡಿದಿದೀನಿ," ಎಂದರು ಅವರು. "ನಾಲ್ಕು ಜನ ನಮ್ಮೋರು ಬಂದ್ರೆ ನಂದೂ ದಡ ಸೇರುತ್ತೆ."

ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಸಿಗ್ನಲ್ ಸಿಗುವ ಕಡೆ ಹುಡುಕುತ್ತ ಅವರು ಕಾರಿನತ್ತ ನಡೆದರು. ಎಮ್ಮೆಗಳ ಹಿಂದಿದ್ದ ಮುದುಕ ಅವಳ ಹತ್ತಿರ ಬಂದ.

"ತಗೊಳೋರಾ ನೀವು?"

"ನೋಡೋಕೆ ಬಂದೆ. ನೀವು ಇಲ್ಲಿಯವರಾ?"

"ಸಣ್ಣಮಾದಯ್ಯ ಅಂತಾರೆ. ಇದು ನಮ್ದೇ ಜಮೀನು. ನಮ್ಮಣ್ಣನ ಮಕ್ಕಳು ನನ್ನ ಪಾಲ್ನೂ ಸೇರಿಸಿ ಮಾರ್ಕೊಂಡವ್ರೆ. ಕೇಸು ಆಕಿವ್ನಿ, ನಡೀತಾ ಅದೆ. ನಾನು ಬದುಕಿರೋಗಂಟ ಒಂದು ಕಲ್ಲೂ ನಿಲ್ಲಕ್ಕೆ ಬುಡಕಿಲ್ಲ." ಅವನು ಬೈಗುಳದಂತೆ ಹೇಳಲಿಲ್ಲ, ಬೇಸರದಿಂದ, ಬಹಳ ಸಲ ಹೇಳಿ ಸವೆದ ಮಾತಿನಂತೆ ಹೇಳಿದ. "ಓದ್ವಾರ ಬಂದಿದ್ದೋರ್ಗೂ ಇದ್ನೇ ಯೋಳ್ದೆ."

"ಯಾರಿಗೆ?"

"ಯಾರೋ. ವಿದ್ಯಾರಣ್ಯಪುರದ ಕಡೆಯೋರು. ನಮ್ಮನೆ ಮಗೀಗೆ ಸೈಟು ನೋಡ್ತಾ ಇವ್ನಿ ಅಂದ್ರು. ನೀಲಿ ಸ್ಕೂಟರ್ನಲ್ಲಿ ಬಂದಿದ್ರು. ಎಲ್ಲಾನೂ ಕೇಳ್ಕೊಂಡು, ಅಗೋ ಆ ಕಲ್ಲಿನ ಮ್ಯಾಲೆ ಕೂತ್ಕೊಂಡ್ರು ನೋಡು, ಒತ್ತು ಮುಳುಗೋಗಂಟ ಎದ್ದೇ ಇಲ್ಲ."

ವಿದ್ಯಾರಣ್ಯಪುರ ತಮ್ಮದೇ ಬಡಾವಣೆ; ನೀಲಿ ಸ್ಕೂಟರೂ ತಮ್ಮ ಮನೆಯದೇ. ಅದರಲ್ಲಿ ಕಿರಣ ಓಡಾಡುತ್ತಾನೆ; ಅಪ್ಪ ಓಡಾಡುತ್ತಾರೆ; ಸಂತೆಯ ದಿನ ಅಮ್ಮ ಹಿಂದೆ ಕೂರುತ್ತಾರೆ.

"ಹೇಗಿದ್ರು ಅವರು? ವಯಸ್ಸೆಷ್ಟು?"

"ಬಾರಮ್ಮ, ಹೊತ್ತಾಯ್ತು," ಎಂದು ಮಾವ ಕೂಗಿದರು. ಅವರನ್ನು ಕಂಡ ಸಣ್ಣಮಾದಯ್ಯ ನೆಲಕ್ಕೆ ಉಗಿದು, ಎಮ್ಮೆಗಳ ಕಡೆ ತಿರುಗಿ ನಡೆದುಬಿಟ್ಟ.

ಹಿಂತಿರುಗುವಾಗ ಅವಳು ಕೇಳಿಯೇ ಕೇಳಿದಳು. "ಮಾವ, ಆ ಜಮೀನಿನ ಮೇಲೆ ಕೇಸಿದೆಯಂತೆ."

"ಅದೆಲ್ಲ ಇರೋದೇ ಮಗಳೇ. ಯಾವ ಜಮೀನಿಗೆ ಕೇಸಿಲ್ಲ ಹೇಳು? ತೀರುತ್ತೆ. ತೀರ್ಲೇಬೇಕು." ಕೊನೆಯ ಮಾತನ್ನು ಅವರು ತಮಗೇ ಹೇಳಿಕೊಂಡಂತಿತ್ತು.

ಒಂದು ವಿಷಯ ಅವಳಿಗೆ ಸ್ಪಷ್ಟವಾಯಿತು. ಮನೆಯವರಲ್ಲಿ ಒಬ್ಬರಿಗೆ ಸೋಮವಾರಕ್ಕೆ ಮೊದಲೇ ಈ ಕೇಸು ತಿಳಿದಿತ್ತು. ತಿಳಿದೂ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಅಕ್ಕಿ ಮೂಟೆ ಹೊತ್ತು ತಂದ ಮನುಷ್ಯನ ಮುಖಕ್ಕೆ, ನೀವು ತಂದ ಸೈಟು ಕೊಳೆತದ್ದು ಎಂದು ಹೇಳುವ ನಾಲಿಗೆ ಆ ಮನೆಯಲ್ಲಿ ಯಾರಿಗೂ ಇಲ್ಲ. ತಮ್ಮ ನಾಲಿಗೆ ಏಳದಿದ್ದಾಗ ಅವರು ಗದ್ದುಗೆಯ ನಾಲಿಗೆಯನ್ನು ಎರವಲು ಪಡೆದಿದ್ದರು. ಅದು ಮೋಸವೇ. ಆದರೆ ಆ ಮೋಸ ಅವಳಿಗಾಗಿ ಆದದ್ದು.

ರಾತ್ರಿ ಅಪ್ಪ ವರಾಂಡದಲ್ಲಿ ಕೂತಿದ್ದರು.

"ಸೈಟು ನೋಡ್ದೆಯಂತೆ. ಹೆಂಗಿತ್ತು?"

"ಚೆನ್ನಾಗಿದೆ ಅಂದ್ರು ಮಾವ."

"ನೀನೇನಂದೆ?"

"ನೋಡೋಣ ಅಂದೆ."

ಗುರುಮಲ್ಲಪ್ಪ ಬೀದಿಯ ಕಡೆ ನೋಡಿದರು. "ನೋಡೋಣ ನೋಡೋಣ ಅಂತಾನೇ ನಮ್ಮದೆಲ್ಲ ಕಳೆದೋಯ್ತು ಮಗಳೇ," ಎಂದು ಎದ್ದು ಒಳಗೆ ಹೋದರು. ಸೈಟು ಕೊಳ್ಳಲು ಅವಸರ ಮಾಡುತ್ತಿದ್ದಾರೆಂದೇ ಅವಳು ತಿಳಿದಳು.

*

ಭಾನುವಾರದವರೆಗೂ ಒಪ್ಪಿಕೊಳ್ಳಲು ಯಾರೂ ಮಠಕ್ಕೆ ಬಂದಿರಲಿಲ್ಲ. ಸಿದ್ದಲಿಂಗಸ್ವಾಮಿಗಳು ಆರು ಜನರನ್ನೂ ಗದ್ದುಗೆಯ ಮುಂದೆ ಕೂರಿಸಿ, ನಡೆದದ್ದನ್ನು ಉಪ್ಪು ಖಾರ ಹಚ್ಚದೆ ಹೇಳಿದರು. ಬಲಗಡೆಯ ಮೇಣದ ಗುರುತನ್ನು ತೋರಿಸಿದರು.

ಮೊದಲು ಮಾತಾಡಿದವರು ನಂಜುಂಡಯ್ಯ.

"ಹಂಗಾದ್ರೆ ಸೋಮವಾರದ್ದು ಲೆಕ್ಕಕ್ಕಿಲ್ಲ. ಯಾರ ಕೆಲಸ ಅಂತ ನಾನು ಹೇಳ್ಬೇಕಾ? ಸೈಟು ಬೇಡ ಅಂತ ಯಾರಿಗಿತ್ತು?" ಅವರು ಲಾಸ್ಯಳನ್ನೇ ನೋಡುತ್ತಿದ್ದರು. "ನಿನ್ನ ಎತ್ತಿ ಆಡಿಸಿದವನು ನಾನು. ಬೇಡ ಅಂದಿದ್ರೆ ಮುಗೀತಿತ್ತಲ್ಲಮ್ಮ. ದೇವರ ಮೈಗೆ ಮೇಣ ಹಚ್ಚೋ ಬುದ್ಧಿ ಯಾಕೆ ಬಂತು?"

"ಅವಳಲ್ಲ ಮಾವ," ಎಂದ ಕಿರಣ.

"ನೀನು ಸುಮ್ನಿರೋ. ಅಯ್ನೋರೇ, ಹೂವು ಅದ್ದಿ. ಮತ್ತೆ ಕೇ‍ಳಿ."

ಸಿದ್ದಲಿಂಗಸ್ವಾಮಿಗಳು ನೀರಿನ ಬಟ್ಟಲಿಗೆ ಕೈ ಹಾಕಿದರು. ಲಾಸ್ಯಳಿಗೆ ಆ ಒದ್ದೆ ಹೂವುಗಳನ್ನು ಕಂಡು ಟಿಫನ್ ಡಬ್ಬಿ ಹಿಡಿದು ಶಾಲೆಗೆ ನಡೆದ ಸುಚಿತ್ರಾ ಅತ್ತೆ ಕಣ್ಣಮುಂದೆ ಬಂದರು. ಎಷ್ಟು ವರ್ಷ ನಡೆದರು. ಒಂದು ಹೂವು ಜಾರಿದ್ದಕ್ಕೆ.

"ಬೇಡ ಅಯ್ನೋರೇ. ಹೂವು ಕೇಳ್ಬೇಡಿ," ಎಂದಳು.

ಎಲ್ಲರೂ ತಿರುಗಿದರು. ಅವಳ ದನಿ ನಡುಗಲಿಲ್ಲ. ಧೈರ್ಯಕ್ಕಿಂತ ಹೆಚ್ಚಾಗಿ ಅದರಲ್ಲಿ ದಣಿವಿತ್ತು. ಇನ್ನು ದಣಿಯಲು ಏನೂ ಉಳಿಯದವರ ನೆಮ್ಮದಿಯಿತ್ತು.

"ಮೇಣ ನಾನು ಹಚ್ಚಿಲ್ಲ. ಆದ್ರೆ ಈಗ ಬಲಗಡೆ ಬಿದ್ರೂ ಸೈಟು ತಗೊಳ್ಳಲ್ಲ. ಆ ಜಮೀನಿನ ಮೇಲೆ ಕೇಸಿದೆ. ಕೇಸು ಇರದಿದ್ರೂ ತಗೊಳ್ತಿರಲಿಲ್ಲ ಮಾವ. ದುಡ್ಡು ಬ್ಯಾಂಕಲ್ಲಿ ಠೇವಣಿ ಇಡ್ತೀನಿ. ಸ್ವಲ್ಪ ತಿಂಗಳು ತಿಂಗಳು ಫಂಡಿಗೆ ಹಾಕ್ತೀನಿ. ನಾನು ಓದ್ತೀನಿ. ಅಮ್ಮ, ಚಿನ್ನ ಈಗ ಬೇಡ. ಕಿರಣ, ಹೋಟ್ಲಿಗೂ ಇಲ್ಲ. ಅಜ್ಜಿ, ದಾಸೋಹಕ್ಕೆ ನನ್ನ ಸಂಬಳದಲ್ಲಿ ಆದಷ್ಟು ಕೊಡ್ತೀನಿ. ಇದನ್ನ ಮೊದಲೇ ಹೇಳ್ಬೇಕಿತ್ತು. ಹೇಳ್ದೇ ಇದ್ದಿದ್ದು ನನ್ನ ತಪ್ಪು."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅಜ್ಜಿ ಕಣ್ಣು ಮುಚ್ಚಿದ್ದರು. ಅಪ್ಪ ನೆಲ ನೋಡುತ್ತಿದ್ದರು.

"ಓಹೋ," ಎಂದರು ನಂಜುಂಡಯ್ಯ. ಅವರ ದನಿ ಒಡೆದಿತ್ತು. "ನಿಮ್ಮಪ್ಪ ಕೊಟ್ಟ ಮಾತು ಏನಾಯ್ತು? ನಾನೇನು ಊರಿಗೆ ಮೋಸ ಮಾಡೋನಾ? ಹೂವು ಬೇಡ ಅಂದ್ರೆ ತಪ್ಪು ಒಪ್ಕೊಂಡಂಗೇ ಆಯ್ತು. ಅಯ್ನೋರೇ, ಇದಕ್ಕೇನು ಪ್ರಾಯಶ್ಚಿತ್ತ ಹೇಳಿ. ಮಾಡಿಸಿ ಈ ಹುಡುಗಿ ಕೈಲಿ."

ಸಿದ್ದಲಿಂಗಸ್ವಾಮಿಗಳು ಹೂವುಗಳನ್ನು ಬಟ್ಟಲಿಗೇ ಬಿಟ್ಟರು. ಗೂಡಿನಿಂದ ಕೊಬ್ಬರಿ ಎಣ್ಣೆಯ ಗಿಂಡಿಯನ್ನೂ ಒಂದು ಮಡಿ ಬಟ್ಟೆಯನ್ನೂ ತಂದು ಗದ್ದುಗೆಯ ಮುಂದಿಟ್ಟರು.

"ಪ್ರಾಯಶ್ಚಿತ್ತ ದೊಡ್ಡದೇನಿಲ್ಲ. ಮೇಣ ನೀರಿಗೆ ಹೋಗಲ್ಲ, ಎಣ್ಣೆಗೆ ಹೋಗುತ್ತೆ. ಹಚ್ಚಿದ ಕೈಯೇ ಒರೆಸ್ಬೇಕು. ಅಷ್ಟೇ. ಆಮೇಲೆ ನಾನು ಏನೂ ಕೇಳಲ್ಲ."

ಯಾರೂ ಅಲುಗಲಿಲ್ಲ. ಹೊರಗೆ ಸೊಪ್ಪು ಮಾರುವವಳ ಕೂಗು ಬೀದಿಯುದ್ದಕ್ಕೂ ಹೋಗಿ ಕರಗಿತು. ನಂಜುಂಡಯ್ಯನ ಕಣ್ಣು ಅವಳ ಮೇಲಿನಿಂದ ಕದಲಲಿಲ್ಲ. ಲಾಸ್ಯ ಯೋಚಿಸಿದಳು: ಹಣ ಉಳಿಯಿತು. ಕಳ್ಳಿಯೆಂಬ ಹೆಸರು ಬಂದರೆ ಬರಲಿ. ತನಗಾಗಿ ಯಾರೋ ಮಾಡಿದ ತಪ್ಪು. ತಾನೇ ಒರೆಸಿಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದು, ಮಲಗಬಹುದು. ಅವಳು ಮೊಣಕಾಲೂರಿ ಮುಂದೆ ಸರಿದು ಎಣ್ಣೆಯ ಗಿಂಡಿಗೆ ಕೈ ಚಾಚಿದಳು.

ಅವಳ ಬೆರಳು ತಾಗುವ ಮೊದಲೇ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು.

ಆ ಕೈ ಗುರುಮಲ್ಲಪ್ಪನವರದು; ಶ್ರೀರಾಂಪುರದಾಚೆಯ ಆ ಕಲ್ಲಿನ ಮೇಲೆ ಹೊತ್ತು ಮುಳುಗುವವರೆಗೆ ಕೂತಿದ್ದವರದು.